‘ಗ್ಲೋಬಲ್ ಪಾಲಿಟಿಕ್ಸ್’ ಎಂ.ಎ.ಗೆ ಮನೆ ಪತ್ರ ಅಡವಿಡಬೇಕೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ನನ್ನ ವಿಷಯಗಳು. ಓದಿದ್ದೆಲ್ಲ ಕನ್ನಡ ಮಾಧ್ಯಮ. ಇಲ್ಲಿಯವರೆಗೆ ಶೇ 68 ಅಂಕ ಬಂದಿದೆ. ಬೇರೆ ದೇಶಗಳ ರಾಜಕಾರಣ ಓದುವುದೆಂದರೆ ನನಗೆ ತುಂಬ ಇಷ್ಟ. ಬೆಂಗಳೂರಿನ ಕನ್ಸಲ್ಟೆನ್ಸಿಯೊಂದು ಇಂಗ್ಲೆಂಡಿನಲ್ಲಿ ಒಂದು ವರ್ಷದ ‘ಗ್ಲೋಬಲ್ ಅಂಡ್ ಕಂಪ್ಯಾರಟಿವ್ ಪಾಲಿಟಿಕ್ಸ್’ ಎಂ.ಎ.ಗೆ ಷರತ್ತಿನ ಆಫರ್ ಲೆಟರ್ ತರಿಸಿಕೊಟ್ಟಿದೆ. ಒಟ್ಟು 28 ಲಕ್ಷ ಆಗುತ್ತದೆ, ಬ್ಯಾಂಕ್ ಸಾಲ ಸಿಗುತ್ತದೆ, ಆಮೇಲೆ ವಿಶ್ವಸಂಸ್ಥೆಯಂಥ ಕಡೆ ಕೆಲಸ ಎನ್ನುತ್ತಾರೆ. ಡೆಪಾಸಿಟ್ ಕಟ್ಟಲು ಇನ್ನು ಮೂರು ವಾರ ಇದೆ. ಅಪ್ಪನದು ಸಣ್ಣ ದಿನಸಿ ಅಂಗಡಿ. ಮನೆ ಪತ್ರ ಅಡವಿಡಬೇಕು. ನಮ್ಮ ಮೇಷ್ಟ್ರು ‘ಸುಮ್ಮನೆ ರಾಜ್ಯಶಾಸ್ತ್ರ ಎಂ.ಎ. ಮಾಡು, ಆ ಹೆಸರಿನ ಪದವಿಗೆ ಇಲ್ಲಿ ಕೆಲಸ ಇಲ್ಲ’ ಎನ್ನುತ್ತಾರೆ. ಚಿಕ್ಕಪ್ಪ ‘ಐಎಫ್‌ಎಸ್ (ವಿದೇಶಾಂಗ ಸೇವೆ) ಮಾಡೋದಾದ್ರೆ ಇದೇ ಬೇಕು’ ಅಂತಾರೆ. ಯಾರ ಮಾತು ಸರಿ? ಕನ್ನಡ ಮಾಧ್ಯಮದವಳಿಗೆ ಇದು ಆಗುತ್ತದಾ? ಮುಂದೆ ಕಾಲೇಜಿನಲ್ಲಿ ಪಾಠ ಮಾಡಲು ಈ ಪದವಿ ನಡೆಯುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಒಳಗೆ ಕುಳಿತಿರುವ ಆತಂಕ ಒಂದೇ. ಇಷ್ಟದ ವಿಷಯ ಓದಲು ಹೋಗಿ ಅಪ್ಪನ ಮನೆಗೆ ಕುತ್ತು ಬಂದರೆ ಏನು ಗತಿ, ಬಿಟ್ಟರೆ ಕೈಗೆ ಬಂದದ್ದು ತಪ್ಪಿತಲ್ಲ ಎಂಬ ಕೊರಗು ಉಳಿದರೆ ಏನು ಗತಿ ಎಂಬುದು. ಹಾಗಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ವಿಷಯ ಒಳ್ಳೆಯದು, ನಿಮ್ಮ ಆಸೆಯೂ ಸರಿಯಾದದ್ದೇ. ಆದರೆ ಈ ವರ್ಷ, ಈ ಸಾಲದಲ್ಲಿ ಹೋಗಬೇಡಿ. ಈ ಓದಿನ ತಿರುಳನ್ನು ನಮ್ಮ ದೇಶದಲ್ಲೇ ತೀರಾ ಕಡಿಮೆ ಖರ್ಚಿನಲ್ಲಿ ಕಲಿಯಬಹುದು. ಹೊರದೇಶವನ್ನು ಎರಡನೇ ಹೆಜ್ಜೆಗೆ ಇಟ್ಟುಕೊಳ್ಳಿ, ಆಗ ಬೇರೆಯವರ ದುಡ್ಡಿನಲ್ಲಿ ಹೋಗುವ ದಾರಿಗಳು ತೆರೆಯುತ್ತವೆ.

ಮೊದಲು ವಿಷಯ ಏನು ಎಂಬುದನ್ನು ನೋಡೋಣ. ಬಿ.ಎ.ಯಲ್ಲಿ ನೀವು ಓದಿರುವ ತೌಲನಿಕ ಸರ್ಕಾರಗಳ ಪತ್ರಿಕೆಯಲ್ಲಿ ಬ್ರಿಟನ್ನಿನ ಪ್ರಧಾನಿ, ಅಮೆರಿಕದ ಅಧ್ಯಕ್ಷ, ಸ್ವಿಟ್ಜರ್ಲೆಂಡಿನ ಜನಮತಗಣನೆ, ಚೀನಾದ ಪಕ್ಷ ಎಂದು ಒಂದೊಂದು ದೇಶಕ್ಕೆ ಒಂದೊಂದು ಅಧ್ಯಾಯ ಇರುತ್ತದೆ. ಕೊನೆಗೆ ಎರಡು ಕಾಲಂ ಎಳೆದು ವ್ಯತ್ಯಾಸ ಬರೆದರೆ ಹತ್ತು ಅಂಕ. ಇದನ್ನೇ ಇನ್ನಷ್ಟು ದೇಶಗಳಿಗೆ ಹಿಗ್ಗಿಸಿದರೆ ಎಂ.ಎ. ಆಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅಲ್ಲೇ ಮೊದಲ ತಪ್ಪು. ಸ್ನಾತಕೋತ್ತರ ಮಟ್ಟದಲ್ಲಿ ತೌಲನಿಕ ರಾಜಕಾರಣ ಶುರುವಾಗುವುದೇ ‘ಯಾಕೆ ಹೀಗಾಯಿತು’ ಎಂಬ ಪ್ರಶ್ನೆಯಿಂದ.

ನಮಗೆ ಹತ್ತಿರದ ಒಂದು ವರ್ಷ ತೆಗೆದುಕೊಳ್ಳಿ, 1956. ಆ ವರ್ಷದ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಕಾಯ್ದೆಯಂತೆ ಚದುರಿಹೋಗಿದ್ದ ಕನ್ನಡ ಸೀಮೆಗಳು ಒಂದೇ ರಾಜ್ಯದೊಳಗೆ ಬಂದವು. ಅದೇ ವರ್ಷದ ಜೂನ್‌ನಲ್ಲಿ ಸಿಲೋನಿನ (ಈಗಿನ ಶ್ರೀಲಂಕಾ) ಸಂಸತ್ತು ಸಿಂಹಳವೊಂದೇ ಅಧಿಕೃತ ಭಾಷೆ ಎಂದು ಕಾಯ್ದೆ ಮಾಡಿತು. ಎರಡೂ ದೇಶಗಳು ಬ್ರಿಟಿಷರಿಂದ ಆರು ತಿಂಗಳ ಅಂತರದಲ್ಲಿ ಬಿಡುಗಡೆಯಾದವು. ಎರಡರಲ್ಲೂ ಸಂಸದೀಯ ಪದ್ಧತಿ, ವಯಸ್ಕರೆಲ್ಲರಿಗೂ ಮತ. ಸಿಲೋನಿನಲ್ಲಂತೂ 1931ರಿಂದಲೇ ಎಲ್ಲರಿಗೂ ಮತದ ಹಕ್ಕಿತ್ತು. ಆದರೂ ನಮ್ಮಲ್ಲಿ ಭಾಷೆಯ ಜಗಳ ಗಡಿ, ಶಾಲೆ, ನಾಮಫಲಕ, ನೌಕರಿಯ ಮಟ್ಟದಲ್ಲಿ ಉಳಿಯಿತು. ಅಲ್ಲಿ 1983ರಿಂದ 2009ರವರೆಗೆ ಅಂತರ್ಯುದ್ಧ ನಡೆಯಿತು. ಯಾಕೆ?

ತಟ್ಟನೆ ಹೊಳೆಯುವ ಉತ್ತರ: ಭಾರತ ಭಾಷೆಗಳಿಗೆ ಮಾನ್ಯತೆ ಕೊಟ್ಟಿತು, ಸಿಲೋನ್ ಕೊಡಲಿಲ್ಲ. ಕೇಳಲು ಸರಿಯಾಗಿದೆ. ಈಗ ಮೂರನೆಯ ದೇಶ ಪಾಕಿಸ್ತಾನವನ್ನು ಪಕ್ಕಕ್ಕಿಡಿ. 1952ರ ಫೆಬ್ರುವರಿ 21ರಂದು, ಆಗ ಪಾಕಿಸ್ತಾನದ ಪೂರ್ವ ಭಾಗದಲ್ಲಿದ್ದ ಢಾಕಾದಲ್ಲಿ, ಬಂಗಾಳಿ ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಅದಾದ ನಾಲ್ಕು ವರ್ಷಕ್ಕೆ, ಅದೇ 1956ರಲ್ಲಿ, ಪಾಕಿಸ್ತಾನದ ಸಂವಿಧಾನ ಉರ್ದುವಿನ ಜೊತೆಗೆ ಬಂಗಾಳಿಯನ್ನೂ ರಾಷ್ಟ್ರಭಾಷೆಯಾಗಿ ಒಪ್ಪಿತು. ಅಂದರೆ ಮಾನ್ಯತೆ ಸಿಕ್ಕಿತು. ಆದರೂ 1971ರಲ್ಲಿ ದೇಶ ಎರಡಾಯಿತು. ಹಾಗಾದರೆ ಭಾಷೆಯ ಮಾನ್ಯತೆಯೊಂದೇ ಸಾಲದು, ಅಧಿಕಾರದಲ್ಲಿ ಪಾಲು ಸಿಕ್ಕಿತೇ ಎಂಬುದನ್ನೂ ನೋಡಬೇಕು. 1955ರಲ್ಲಿ ಪಶ್ಚಿಮದ ಪ್ರಾಂತ್ಯಗಳನ್ನೆಲ್ಲ ಒಂದೇ ಘಟಕ ಮಾಡಿದ್ದು, 1958ರ ಸೇನಾಡಳಿತ, 1970ರ ಚುನಾವಣೆಯಲ್ಲಿ ಬಹುಮತ ಪಡೆದ ಪೂರ್ವ ಭಾಗದ ಪಕ್ಷ ಅವಾಮಿ ಲೀಗ್‌ಗೆ ಅಧಿಕಾರ ಬಿಟ್ಟುಕೊಡದೆ ಇದ್ದದ್ದು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಆಮೇಲೆ ಮತ್ತೆ ಭಾರತಕ್ಕೆ ಬಂದು 1965ರ ಮದ್ರಾಸಿನ ಹಿಂದಿ ವಿರೋಧಿ ಚಳವಳಿಯನ್ನೂ, ಇಂಗ್ಲಿಷನ್ನು ಉಳಿಸಿಕೊಂಡ 1967ರ ಅಧಿಕೃತ ಭಾಷಾ ಕಾಯ್ದೆಯ ತಿದ್ದುಪಡಿಯನ್ನೂ ನೋಡಬೇಕು. ಇಲ್ಲಿ ದಿಲ್ಲಿ ಬಗ್ಗಿದ್ದು ಯಾಕೆ? ಸಿಲೋನಿನಲ್ಲಿ 1957ರಲ್ಲಿ ಪ್ರಧಾನಿ ಬಂಡಾರನಾಯಕ ಮತ್ತು ತಮಿಳು ನಾಯಕ ಚೆಲ್ವನಾಯಕಂ ಮಾಡಿಕೊಂಡ ಒಪ್ಪಂದ ಮರುವರ್ಷವೇ ರದ್ದಾಗಿದ್ದು ಯಾಕೆ? ಒಂದು ಕಡೆ ಸಿಂಹಳ ಸಮುದಾಯ ಜನಸಂಖ್ಯೆಯ ಮೂರನೇ ಎರಡು ಭಾಗಕ್ಕೂ ಹೆಚ್ಚು, ಇನ್ನೊಂದು ಕಡೆ ಹಿಂದಿ ಮಾತಾಡುವವರು ಅರ್ಧಕ್ಕಿಂತ ಕಡಿಮೆ. ಈ ಎಣಿಕೆಯೇ ಕಾರಣವೋ, ಪಕ್ಷಗಳ ಪೈಪೋಟಿಯ ರೀತಿ ಕಾರಣವೋ, ಒಕ್ಕೂಟ ವ್ಯವಸ್ಥೆ ಕಾರಣವೋ?

ಒಂದು ವಿವರಣೆ ಕಟ್ಟುವುದು, ಅದನ್ನು ಮುರಿಯಬಲ್ಲ ಉದಾಹರಣೆಯನ್ನು ತಾನೇ ಹುಡುಕಿ ತರುವುದು, ಮುರಿದರೆ ಮತ್ತೆ ಕಟ್ಟುವುದು: ಈ ವಿಷಯದ ಕಸುಬು ಅಂದರೆ ಇದೇ. ತರಗತಿಯಲ್ಲಿ ಇದಕ್ಕೆ ಸಂಶೋಧನಾ ವಿಧಾನ ಎಂದು ಹೆಸರು. ಬಹುತೇಕ ಎಲ್ಲದರಲ್ಲೂ ಹೋಲುವ, ಫಲಿತಾಂಶದಲ್ಲಿ ಮಾತ್ರ ಬೇರೆಯಾದ ದೇಶಗಳನ್ನು ಹೇಗೆ ಆರಿಸುವುದು, ಬರೀ ಯುದ್ಧವಾದ ದೇಶಗಳನ್ನಷ್ಟೇ ಆರಿಸಿ ‘ಯುದ್ಧಕ್ಕೆ ಕಾರಣ ಇದು’ ಎಂದರೆ ಯಾಕೆ ತಪ್ಪಾಗುತ್ತದೆ, ಎರಡು ಅಂಕಿಗಳು ಜೊತೆಗೆ ಏರಿದರೆ ಒಂದು ಇನ್ನೊಂದಕ್ಕೆ ಕಾರಣ ಎನ್ನಬಹುದೇ, ಇಂಥವು. ಹೊಸ ವಿದ್ಯಾರ್ಥಿಗಳ ಪ್ರಬಂಧಗಳು ಹೆಚ್ಚಾಗಿ ಎಡವುವುದು ಎರಡನೆಯದರಲ್ಲಿ. ಅಂತರ್ಯುದ್ಧದ ಬಗ್ಗೆ ಬರೆಯುವಾಗ ಶ್ರೀಲಂಕಾ, ನೇಪಾಳ, ಮ್ಯಾನ್ಮಾರ್ ಮೂರನ್ನೇ ತೆಗೆದುಕೊಳ್ಳುತ್ತಾರೆ. ಅವರು ಕಾರಣ ಎಂದು ತೋರಿಸುವ ಅಂಶಗಳೆಲ್ಲ ಯುದ್ಧವೇ ಆಗದ ದೇಶಗಳಲ್ಲೂ ಇದ್ದಿರಬಹುದು, ಅವನ್ನು ನೋಡಿಯೇ ಇರುವುದಿಲ್ಲ.

‘ಗ್ಲೋಬಲ್ ಪಾಲಿಟಿಕ್ಸ್’ ಎಂಬುದು ಇದರ ನೆರೆಯ ವಿಷಯ. ಅಂತಾರಾಷ್ಟ್ರೀಯ ಸಂಬಂಧಗಳ ಪತ್ರಿಕೆಯಲ್ಲಿ ದೇಶ ದೇಶಗಳ ಸಂಬಂಧ ಮುಖ್ಯ. ಇಲ್ಲಿ ಅದರ ಜೊತೆಗೆ ಕಂಪನಿಗಳು, ವಲಸೆ, ಹವಾಮಾನ ಒಪ್ಪಂದ, ಗಡಿ ದಾಟಿ ಬರುವ ನಿಯಮಗಳೂ ಸೇರುತ್ತವೆ. 2023ರಲ್ಲಿ ಐರೋಪ್ಯ ಒಕ್ಕೂಟ ಮಾಡಿದ ಅರಣ್ಯನಾಶ ತಡೆ ನಿಯಮ, ಕಾಫಿ ಬೆಳೆದ ತೋಟ ಎಲ್ಲಿದೆ ಎಂಬುದರ ನಕ್ಷೆಯ ಗುರುತನ್ನೇ ಕೇಳುತ್ತದೆ. ಅದರ ಜಾರಿ ಮುಂದಕ್ಕೆ ಹೋಗುತ್ತಿದ್ದರೂ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಈಗಾಗಲೇ ಚಿಂತೆ ಹತ್ತಿದೆ. ಬ್ರಸೆಲ್ಸಿನ ನಿಯಮ ಮೂಡಿಗೆರೆಗೆ ಬಂದು ಮುಟ್ಟುವ ಬಗೆ ಈ ವಿಷಯದ ವ್ಯಾಪ್ತಿಗೆ ಬರುತ್ತದೆ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಕೋರ್ಸಿನ ಹೆಸರು ಅಂಗಡಿಯ ಬೋರ್ಡು ಇದ್ದ ಹಾಗೆ. ಒಳಗೆ ಏನಿದೆ ಎಂಬುದು ಪಾಠಪಟ್ಟಿಯಲ್ಲಿ ಸಿಗುತ್ತದೆ. ನಿಮಗೆ ಬಂದಿರುವ ಆಫರಿನ ಕೋರ್ಸಿನ ಪುಟ ತೆರೆದು ಮೂರು ಸಂಗತಿ ನೋಡಿ. ಸಂಶೋಧನಾ ವಿಧಾನದ ಪತ್ರಿಕೆ ಕಡ್ಡಾಯವೇ? ಪ್ರಬಂಧಕ್ಕೆ ಎಷ್ಟು ಕ್ರೆಡಿಟ್? ಬ್ರಿಟನ್ನಿನ ಮಾಸ್ಟರ್ಸ್‌ಗೆ ಒಟ್ಟು 180 ಕ್ರೆಡಿಟ್, ಅದರಲ್ಲಿ ಪ್ರಬಂಧಕ್ಕೆ 60 ಇರುವುದು ರೂಢಿ. ಪಾಠ ಮಾಡುವವರಲ್ಲಿ ದಕ್ಷಿಣ ಏಷ್ಯಾದ ಮೇಲೆ, ಅಥವಾ ನಿಮಗೆ ಆಸಕ್ತಿಯಿರುವ ಪ್ರದೇಶದ ಮೇಲೆ ಕೆಲಸ ಮಾಡಿದವರು ಒಬ್ಬರಾದರೂ ಇದ್ದಾರೆಯೇ? ವಿಧಾನದ ಪತ್ರಿಕೆಯೇ ಇಲ್ಲದೆ ಬರೀ ‘ಪ್ರಚಲಿತ ಜಾಗತಿಕ ಸವಾಲುಗಳು’ ಎಂಬಂಥ ಪತ್ರಿಕೆಗಳೇ ತುಂಬಿದ್ದರೆ ಅದು ದಿನಪತ್ರಿಕೆ ಓದಿ ಕಲಿಯಬಹುದಾದದ್ದಕ್ಕೆ ಹೆಚ್ಚು ಬೆಲೆ ಕೊಟ್ಟಂತೆ.

ಈಗ ಚಿಕ್ಕಪ್ಪನ ಮಾತು. ಐಎಫ್‌ಎಸ್‌ಗೆ ಯುಪಿಎಸ್‌ಸಿಯ ಸಿವಿಲ್ ಸರ್ವಿಸಸ್ ಪರೀಕ್ಷೆಯೇ ದಾರಿ. ಅದಕ್ಕೆ ಯಾವುದೇ ವಿಷಯದ ಪದವಿ ಸಾಕು, ಎಂ.ಎ. ಬೇಕಿಲ್ಲ. ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳು ಎಂಬ ಐಚ್ಛಿಕ ವಿಷಯದ ಎರಡನೇ ಪತ್ರಿಕೆಯಲ್ಲಿ ತೌಲನಿಕ ರಾಜಕಾರಣ ಇದೆ, ಅಷ್ಟರ ಮಟ್ಟಿಗೆ ಈ ಓದು ಉಪಯೋಗಕ್ಕೆ ಬರುತ್ತದೆ. ಅದಕ್ಕಾಗಿ 28 ಲಕ್ಷ ಬೇಕಾಗಿಲ್ಲ. ಅಂದ ಹಾಗೆ, ಆ ಪರೀಕ್ಷೆಯ ಮುಖ್ಯ ಪತ್ರಿಕೆಗಳನ್ನು ಕನ್ನಡದಲ್ಲೂ ಬರೆಯಬಹುದು.

ವಿಶ್ವಸಂಸ್ಥೆಯ ಮಾತು ಇನ್ನೂ ದೂರದ್ದು. ಅಲ್ಲಿನ ಸೆಕ್ರೆಟರಿಯೇಟಿನ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ನ್ಯೂಯಾರ್ಕ್ ಅಥವಾ ಜಿನೀವಾದಲ್ಲಿ ಇರುವ ಖರ್ಚು ನಿಮ್ಮದೇ. ಕಿರಿಯರ ನೇಮಕಾತಿಯ ಪರೀಕ್ಷೆ ಆಯಾ ವರ್ಷ ಪಟ್ಟಿಯಲ್ಲಿರುವ ದೇಶಗಳವರಿಗೆ ಮಾತ್ರ. ಉಳಿದ ಹುದ್ದೆಗಳಿಗೆ ವರ್ಷಗಳ ಅನುಭವ, ಎರಡನೇ ಅಂತಾರಾಷ್ಟ್ರೀಯ ಭಾಷೆ ಕೇಳುವುದು ಸಾಮಾನ್ಯ. ಎಂ.ಎ. ಮುಗಿಸಿ ನೇರ ಅಲ್ಲಿಗೆ ಎಂದು ಹೇಳುವವರು ನಿಮಗೆ ಸೀಟು ಮಾರುತ್ತಿದ್ದಾರೆ.

ಕನ್ಸಲ್ಟೆನ್ಸಿಗಳ ಲೆಕ್ಕಾಚಾರ ನಿಮ್ಮ ಅಪ್ಪನಿಗೆ ಬೇಗ ಅರ್ಥವಾಗುತ್ತದೆ, ಅವರದೂ ವ್ಯಾಪಾರವೇ. ವಿದ್ಯಾರ್ಥಿ ಸೇರಿದರೆ ಅವರ ಶುಲ್ಕದಲ್ಲಿ ಒಂದು ಪಾಲು ವಿಶ್ವವಿದ್ಯಾಲಯದಿಂದ ಏಜೆಂಟರಿಗೆ ಕಮಿಷನ್ನಾಗಿ ಹೋಗುತ್ತದೆ. ಆದ್ದರಿಂದ ನಿಮ್ಮಿಂದ ಫೀ ತೆಗೆದುಕೊಳ್ಳದಿದ್ದರೂ ಅವರ ಸಲಹೆ ಪುಕ್ಕಟೆಯದಲ್ಲ. ಕಮಿಷನ್ ಕೊಡದ ವಿಶ್ವವಿದ್ಯಾಲಯಗಳ ಹೆಸರು, ಪೂರ್ತಿ ವಿದ್ಯಾರ್ಥಿವೇತನಗಳ ಹೆಸರು ಅವರ ಬಾಯಲ್ಲಿ ಬರುವುದು ಅಪರೂಪ.

ಇನ್ನು ಸಾಲ. 28 ಲಕ್ಷಕ್ಕೆ ಶೇ 10.5 ಬಡ್ಡಿ ಎಂದು ಹಿಡಿಯೋಣ. ಕೋರ್ಸಿನ ಒಂದು ವರ್ಷ, ಅದಾದ ಮೇಲಿನ ಒಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಎರಡು ವರ್ಷಕ್ಕೆ ಸರಳ ಬಡ್ಡಿಯೇ 5.88 ಲಕ್ಷ. ಕಂತು ಶುರುವಾಗುವ ದಿನ ಸಾಲ 33.88 ಲಕ್ಷ ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 45,700 ರೂಪಾಯಿ ಕಟ್ಟಬೇಕು. ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ ಸುಮಾರು 37,450. ಆಗ ಒಟ್ಟು ಕಟ್ಟುವುದು 67 ಲಕ್ಷ ದಾಟುತ್ತದೆ. ಈ ವಿಷಯ ಓದಿದವರು ಮೊದಲು ಸೇರುವುದು ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆ, ಪತ್ರಿಕೆ, ಚುನಾವಣಾ ಸಮೀಕ್ಷೆಯ ಕಂಪನಿ ಇಂಥ ಕಡೆ. ಅಲ್ಲಿನ ಆರಂಭದ ಸಂಬಳದ ಬಹುಪಾಲನ್ನು ಈ ಕಂತೊಂದೇ ತಿಂದುಹಾಕುತ್ತದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ಮೀರಿದರೆ ಆಸ್ತಿಯ ಆಧಾರ ಬೇಕು. ನಿಮ್ಮ ಮನೆ ಪತ್ರದ ಮಾತು ಬಂದಿರುವುದು ಅದಕ್ಕೇ. ಕಂತು ತಪ್ಪುತ್ತಾ ಹೋದರೆ ನೋಟಿಸು ಬರುವುದು ನಿಮಗಷ್ಟೇ ಅಲ್ಲ, ಅಪ್ಪನಿಗೂ.

‘ಓದಿ ಅಲ್ಲೇ ಕೆಲಸ ಮಾಡಿ ತೀರಿಸಿದರಾಯಿತು’ ಎಂಬ ಲೆಕ್ಕವೂ ಈಗ ಬಿಗಿಯಾಗಿದೆ. ಬ್ರಿಟನ್ನಿನಲ್ಲಿ ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷದ ಗ್ರಾಜುಯೇಟ್ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ 18 ತಿಂಗಳಿಗೆ ಇಳಿಯುತ್ತದೆ. ಅದಾದ ಮೇಲೆ ಉಳಿಯಲು ಕಂಪನಿ ಸ್ಪಾನ್ಸರ್ ಮಾಡಬೇಕು. 2025ರ ಜುಲೈನಿಂದ ಅದಕ್ಕೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ ರಿಯಾಯಿತಿಯ ನಂತರವೂ 33,400. ಸಾಫ್ಟ್‌ವೇರಿನವರಿಗೂ ನರ್ಸುಗಳಿಗೂ ಇರುವ ಬೇಡಿಕೆ ರಾಜ್ಯಶಾಸ್ತ್ರದವರಿಗೆ ಇಲ್ಲ. ಇದನ್ನು ಹೇಳಲು ನನಗೆ ಬೇಸರವಾಗುತ್ತದೆ, ಆದರೆ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ನೀವು ತಿಳಿದಿರಲೇಬೇಕು.

ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಸರಿ. ಸರ್ಕಾರಿ ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂಬಂಧಪಟ್ಟ ವಿಷಯದಲ್ಲಿ ಶೇ 55 ಅಂಕದ ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಎಂಬ ಅಧ್ಯಾಪಕ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಮೀಸಲು ವರ್ಗದವರಿಗೆ ಅಂಕದಲ್ಲಿ ಶೇ 5 ರಿಯಾಯಿತಿ ಇದೆ. ಯುಜಿಸಿ ನಿಯಮ ‘ಸಂಬಂಧಿತ, ಸಮೀಪದ ವಿಷಯ’ ಎಂದು ಸಡಿಲವಾಗಿಯೇ ಹೇಳುತ್ತದೆ. ತೊಡಕು ಬರುವುದು ದಾಖಲೆ ಪರಿಶೀಲನೆಯ ಮೇಜಿನಲ್ಲಿ. ಅಧಿಸೂಚನೆಯಲ್ಲಿ ‘ರಾಜ್ಯಶಾಸ್ತ್ರ’ ಎಂದಿದ್ದು ನಿಮ್ಮ ಪ್ರಮಾಣಪತ್ರದಲ್ಲಿ ‘ಗ್ಲೋಬಲ್ ಪಾಲಿಟಿಕ್ಸ್’ ಎಂದಿದ್ದರೆ ಸಮಾನಾರ್ಹತೆಯ ಪತ್ರ ತನ್ನಿ ಎನ್ನುತ್ತಾರೆ, ಅದು ಬರುವಷ್ಟರಲ್ಲಿ ಪಟ್ಟಿ ಪ್ರಕಟವಾಗಿಬಿಡಬಹುದು. ವಿದೇಶಿ ಪದವಿಯಾದರೆ ಇನ್ನೊಂದು ಸುತ್ತು. ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸನ್ನು ಒಪ್ಪುವ ಬಗ್ಗೆ 2022ರ ಜುಲೈನಲ್ಲಿ ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಗಿದೆ, ಹಾಗಾಗಿ ಒಂದೇ ವರ್ಷ ಎಂಬ ಕಾರಣಕ್ಕೆ ಅದು ಅಮಾನ್ಯವಲ್ಲ. ಆದರೂ ಸಮಾನಾರ್ಹತೆಯ ಪ್ರಮಾಣಪತ್ರ ಮಾಡಿಸಿಕೊಳ್ಳಲೇಬೇಕು. ಪಾಠಪಟ್ಟಿ, ಕ್ರೆಡಿಟ್ ವಿವರ, ಅಂಕಪಟ್ಟಿ ಮೂರನ್ನೂ ವಿಶ್ವವಿದ್ಯಾಲಯದ ಮೊಹರಿನೊಂದಿಗೆ ಅಲ್ಲಿಂದ ಹೊರಡುವ ಮೊದಲೇ ಪಡೆದಿಟ್ಟುಕೊಳ್ಳಬೇಕು. ಇನ್ನು ಪಿಯು ಉಪನ್ಯಾಸಕರಾಗುವ ಯೋಚನೆಯಿದ್ದರೆ ಬಿ.ಎಡ್. ಕೂಡ ಬೇಕು.

ಮೇಷ್ಟ್ರ ಮಾತಿನ ಇನ್ನರ್ಧ ಸರಿಯಲ್ಲ. ತೌಲನಿಕ ರಾಜಕಾರಣ ಓದಿದರೆ ಇಲ್ಲಿ ಬೆಲೆಯಿಲ್ಲ ಎಂಬುದು ತಪ್ಪು. ನೆಟ್ ರಾಜ್ಯಶಾಸ್ತ್ರದ ಹತ್ತು ಘಟಕಗಳಲ್ಲಿ ನಾಲ್ಕನೆಯದು ತೌಲನಿಕ ವಿಶ್ಲೇಷಣೆ, ಐದನೆಯದು ಅಂತಾರಾಷ್ಟ್ರೀಯ ಸಂಬಂಧಗಳು. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಅಂದರೆ ‘ರಾಜ್ಯಶಾಸ್ತ್ರ’ ಎಂಬ ಹೆಸರಿನ ಪದವಿಯ ಒಳಗೇ ನಿಮ್ಮ ಇಷ್ಟದ ವಿಷಯವನ್ನು ಆಳವಾಗಿ ಓದುವುದು ಎಲ್ಲಕ್ಕಿಂತ ಕಡಿಮೆ ಅಪಾಯದ ದಾರಿ.

ಆ ದಾರಿ ಎಲ್ಲೆಲ್ಲಿದೆ? ದಿಲ್ಲಿಯ ಜೆಎನ್‌ಯುನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಬೇರೆ, ಅಂತಾರಾಷ್ಟ್ರೀಯ ಅಧ್ಯಯನ ಶಾಲೆಯ ಎಂ.ಎ. ಬೇರೆ. ಆ ಶಾಲೆಯಲ್ಲಿ ತೌಲನಿಕ ರಾಜಕಾರಣ ಮತ್ತು ರಾಜಕೀಯ ಸಿದ್ಧಾಂತಕ್ಕೆಂದೇ ಒಂದು ಕೇಂದ್ರವೂ ಇದೆ. ಹೈದರಾಬಾದ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ, ಪಾಂಡಿಚೇರಿ ವಿಶ್ವವಿದ್ಯಾಲಯದ ರಾಜಕಾರಣ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳ ಎಂ.ಎ. ನಮಗೆ ಹತ್ತಿರ. ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ, ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯಗಳಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳಿಗೆ ಪ್ರತ್ಯೇಕ ವಿಭಾಗಗಳಿವೆ. ಮಣಿಪಾಲದಲ್ಲಿ ಭೂರಾಜಕಾರಣ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳ ಎಂ.ಎ. ಇದೆ, ಆದರೆ ಖಾಸಗಿ ಶುಲ್ಕ. ಕಾಲೇಜು ಪಾಠವೇ ಗುರಿಯಾದರೆ ಪ್ರಮಾಣಪತ್ರದ ಮೇಲೆ ‘ರಾಜ್ಯಶಾಸ್ತ್ರ’ ಎಂದೇ ಬರುವ ಕಡೆಗೆ ಆದ್ಯತೆ ಕೊಡಿ. ನನ್ನನ್ನು ಕೇಳಿದರೆ ನಿಮ್ಮ ಪಟ್ಟಿಯಲ್ಲಿ ಮೊದಲಿಗೆ ಹೈದರಾಬಾದ್ ಮತ್ತು ಜೆಎನ್‌ಯು ಇರಲಿ, ಕೊನೆಗೆ ಭರವಸೆಗೆಂದು ನಿಮ್ಮ ಭಾಗದ ರಾಜ್ಯ ವಿಶ್ವವಿದ್ಯಾಲಯ ಇರಲಿ.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಸಾಮಾನ್ಯವಾಗಿ ಡಿಸೆಂಬರ್‌, ಜನವರಿಯಲ್ಲಿ ಅರ್ಜಿ, ಮಾರ್ಚ್‌ನಲ್ಲಿ ಪರೀಕ್ಷೆ. 75 ಪ್ರಶ್ನೆ, 90 ನಿಮಿಷ, ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಇಲ್ಲಿ ಎರಡು ಕಡೆ ನಮ್ಮ ಮಕ್ಕಳು ಮೋಸ ಹೋಗುತ್ತಾರೆ. ಒಂದು, ಪದವಿ ಪ್ರವೇಶದ ಸಿಯುಇಟಿಯಲ್ಲಿ ಕನ್ನಡ ಇದೆ, ಪಿಜಿಯಲ್ಲಿ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಎರಡು, ಪರೀಕ್ಷೆ ಬರೆದರೆ ಸೀಟು ತಾನಾಗಿ ಬರುತ್ತದೆ ಎಂದುಕೊಳ್ಳುತ್ತಾರೆ. ಪ್ರತಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಒಳ್ಳೆಯ ಅಂಕ ಬಂದೂ ಆ ಒಂದು ವಾರ ತಪ್ಪಿಸಿಕೊಂಡು ವರ್ಷ ಕಳೆದುಕೊಂಡವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಕನ್ನಡ ಮಾಧ್ಯಮದವಳಿಗೆ ಆಗುತ್ತದಾ ಎಂದು ಕೇಳಿದ್ದೀರಿ. ಆಗುತ್ತದೆ, ಆದರೆ ತಾನಾಗಿ ಆಗುವುದಿಲ್ಲ. ಕಷ್ಟ ಇರುವುದು ಇಂಗ್ಲಿಷ್ ಮಾತಾಡುವುದರಲ್ಲಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ಕಷ್ಟ ಓದಿನ ಪ್ರಮಾಣದಲ್ಲಿದೆ. ಒಂದು ಪತ್ರಿಕೆಗೆ ವಾರಕ್ಕೆ ಮೂರು ನಾಲ್ಕು ಲೇಖನ, ನೂರು ಪುಟದ ಆಸುಪಾಸು. ಇದರ ಜೊತೆಗೆ ಪರಿಭಾಷೆಯ ಒಂದು ತೊಡಕು ನಮ್ಮ ಭಾಷೆಯವರಿಗೇ ವಿಶೇಷವಾಗಿ ಇದೆ. ಕನ್ನಡದಲ್ಲಿ ‘ರಾಜ್ಯ’ ಎಂದರೆ ಕರ್ನಾಟಕವೂ ಹೌದು, ‘ರಾಜ್ಯಶಾಸ್ತ್ರ’ದ ರಾಜ್ಯವೂ ಹೌದು. ಇಂಗ್ಲಿಷ್ ಲೇಖನದಲ್ಲಿ ‘ಸ್ಟೇಟ್’, ‘ರೆಜೀಮ್’, ‘ಗವರ್ನ್‌ಮೆಂಟ್’ ಬಂದಾಗ ಮೂರನ್ನೂ ‘ಸರ್ಕಾರ’ ಎಂದು ಓದಿಕೊಂಡರೆ ಇಡೀ ವಾದವೇ ಕೈಬಿಟ್ಟುಹೋಗುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಸ್ಟೇಟ್ ಎಂದರೆ ಪ್ರಭುತ್ವ, ತೆರಿಗೆ, ಪೊಲೀಸು, ಸೇನೆ, ಕಚೇರಿಗಳ ಶಾಶ್ವತ ಯಂತ್ರ. ರೆಜೀಮ್ ಎಂದರೆ ಅಧಿಕಾರ ಯಾರ ಕೈಗೆ ಹೇಗೆ ಬರುತ್ತದೆ ಎಂಬ ನಿಯಮಗಳ ವ್ಯವಸ್ಥೆ. ಸರ್ಕಾರ ಎಂದರೆ ಈಗ ಅಧಿಕಾರದಲ್ಲಿರುವವರು. 2006ರಿಂದ 2008ರ ನಡುವೆ ನೇಪಾಳದಲ್ಲಿ ರೆಜೀಮ್ ಬದಲಾಯಿತು, ಪ್ರಭುತ್ವ ಉಳಿಯಿತು. 1991ರ ನಂತರ ಸೊಮಾಲಿಯಾದಲ್ಲಿ ಪ್ರಭುತ್ವವೇ ಕುಸಿಯಿತು. ಈ ವ್ಯತ್ಯಾಸ ಗಟ್ಟಿಯಾದರೆ ಅರ್ಧ ಓದು ಹಗುರಾಗುತ್ತದೆ.

ಅಭ್ಯಾಸ ಹೀಗೆ ಶುರು ಮಾಡಿ. ಇಗ್ನೋದ ರಾಜ್ಯಶಾಸ್ತ್ರ ಎಂ.ಎ.ಯ ಪಾಠಗಳು ಇ-ಜ್ಞಾನಕೋಶದಲ್ಲಿ ಉಚಿತವಾಗಿ ಸಿಗುತ್ತವೆ. ಅದರಲ್ಲಿ ಎಂಪಿಎಸ್-004 ತೌಲನಿಕ ರಾಜಕಾರಣ, ಎಂಪಿಎಸ್-002 ಅಂತಾರಾಷ್ಟ್ರೀಯ ಸಂಬಂಧಗಳು. ವಾರಕ್ಕೆ ಎರಡು ಘಟಕ ಓದಿ. ಪ್ರತಿ ಘಟಕದ ವಾದವನ್ನು ಮೊದಲು ಕನ್ನಡದಲ್ಲಿ 150 ಪದಗಳಲ್ಲಿ ಬರೆಯಿರಿ, ಆಮೇಲೆ ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ, ಮತ್ತೆ ಓದಿ. ಲೇಖನ ಓದುವಾಗ ಪೀಠಿಕೆ, ಸಮಾರೋಪ, ಆಮೇಲೆ ಕೋಷ್ಟಕಗಳು, ಕೊನೆಗೆ ನಡುಭಾಗ, ಈ ಕ್ರಮದಲ್ಲಿ ಹೋಗಿ. ಮೊದಲ ಸಾಲಿನಿಂದ ನಿಘಂಟು ಹಿಡಿದು ಕುಳಿತರೆ ಹತ್ತನೇ ಪುಟದಲ್ಲಿ ಸೋಲುತ್ತೀರಿ.

ಅಂಕಿ ಅಂಶಗಳಿಗೆ ಹೆದರಬೇಡಿ, ನೀವು ಅರ್ಥಶಾಸ್ತ್ರ ಓದಿದವರು. ಚುನಾವಣಾ ಆಯೋಗದ ಮತಗಟ್ಟೆವಾರು ಫಲಿತಾಂಶದ ನಮೂನೆ 20, ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರದ ಚುನಾವಣಾ ದತ್ತಾಂಶ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿರುವ ವಿ-ಡೆಮ್ ಸಂಸ್ಥೆಯ ಪ್ರಜಾಪ್ರಭುತ್ವದ ದತ್ತಾಂಶ ಎಲ್ಲವೂ ಉಚಿತ. ವಿ-ಡೆಮ್ 2021ರ ವರದಿಯಲ್ಲಿ ಭಾರತವನ್ನು ‘ಚುನಾವಣಾ ನಿರಂಕುಶ ವ್ಯವಸ್ಥೆ’ ಎಂದು ವರ್ಗೀಕರಿಸಿದಾಗ ಇಲ್ಲಿ ದೊಡ್ಡ ಗದ್ದಲವಾಯಿತು. ಪರ ಇದ್ದವರೂ ವಿರೋಧ ಇದ್ದವರೂ ಶ್ರೇಯಾಂಕವನ್ನಷ್ಟೇ ಹಿಡಿದು ಜಗಳವಾಡಿದರು. ವಿದ್ಯಾರ್ಥಿ ಮಾಡಬೇಕಾದದ್ದು ಬೇರೆ. ಅಂಕ ಕೊಡುವ ತಜ್ಞರಿಗೆ ಯಾವ ಪ್ರಶ್ನೆ ಕೇಳಿದ್ದಾರೆ, ತಜ್ಞರ ಭಿನ್ನಾಭಿಪ್ರಾಯವನ್ನು ಹೇಗೆ ಸರಿದೂಗಿಸಿದ್ದಾರೆ, ಯಾವ ಸೂಚಕ ಇಳಿದದ್ದಕ್ಕೆ ವರ್ಗ ಬದಲಾಯಿತು ಎಂದು ದತ್ತಾಂಶದ ವಿವರಣೆಯಿರುವ ಸಂಕೇತ ಪುಸ್ತಕ (ಕೋಡ್‌ಬುಕ್) ತೆರೆದು ನೋಡುವುದು. ಒಂದು ಸಂಜೆ ಕುಳಿತು ಭಾರತ, ಶ್ರೀಲಂಕಾ ಎರಡರ ಅಂಕಗಳ ಗೆರೆಗಳನ್ನು ಒಂದೇ ಗ್ರಾಫಿನಲ್ಲಿ ಎಳೆದು ನೋಡಿ. ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ.

ಪ್ರಶ್ನೆ ಹುಟ್ಟುವುದು ಯಾಕೆ ಮುಖ್ಯವೆಂದರೆ, ಮುಂದೆ ವಿದ್ಯಾರ್ಥಿವೇತನದ ಅರ್ಜಿ ಓದುವವರು ಹುಡುಕುವುದು ಅದನ್ನೇ. ‘ಚಿಕ್ಕಂದಿನಿಂದ ವಿಶ್ವ ರಾಜಕೀಯದಲ್ಲಿ ಆಸಕ್ತಿ’ ಎಂಬ ಸಾಲು ಸಾವಿರ ಅರ್ಜಿಗಳಲ್ಲಿ ಇರುತ್ತದೆ. ಅದರ ಬದಲು ಹೀಗೆ ಬರೆದರೆ ನೋಡಿ: ದೇಶದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮೊದಲೇ, ಕರ್ನಾಟಕದ 1983ರ ಕಾಯ್ದೆ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟಿತ್ತು, 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ಮೊದಲೇ ಮೀಸಲಾತಿ ಕಂಡ ರಾಜ್ಯದಲ್ಲಿ 1993ರ ನಂತರದ ಮಹಿಳಾ ಸದಸ್ಯರ ರಾಜಕೀಯ ಬೆಳವಣಿಗೆ, ಅದನ್ನು ಹೊಸದಾಗಿ ಕಂಡ ರಾಜ್ಯಕ್ಕಿಂತ ಬೇರೆಯಾಯಿತೇ? ಇದು ಹೋಲಿಕೆಯಿರುವ, ಉತ್ತರ ಹುಡುಕಬಹುದಾದ, ಹಿರಿಯೂರಿನ ತಾಲ್ಲೂಕು ಪಂಚಾಯಿತಿ ಕಚೇರಿಯಿಂದಲೇ ಕೆಲಸ ಶುರುಮಾಡಬಹುದಾದ ಪ್ರಶ್ನೆ. ಅತುಲ್ ಕೊಹ್ಲಿ ಎಂಬ ವಿದ್ವಾಂಸರು 1980ರ ದಶಕದಲ್ಲಿ ಬಡತನ ನಿವಾರಣೆಯನ್ನು ಅಳೆಯಲು ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ ಜೊತೆಗೆ ಕರ್ನಾಟಕವನ್ನೇ ಆರಿಸಿಕೊಂಡಿದ್ದರು. ತೌಲನಿಕ ರಾಜಕಾರಣಕ್ಕೆ ದೇಶಗಳೇ ಬೇಕೆಂದಿಲ್ಲ.

ಎಂ.ಎ.ಯ ಎರಡನೇ ವರ್ಷದ ಹೊತ್ತಿಗೆ ಹೊರದೇಶದ ಬಾಗಿಲುಗಳನ್ನು ನೋಡಿ. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನದಲ್ಲಿ ಶುಲ್ಕವಿಲ್ಲ, ತಿಂಗಳಿಗೆ 1,400 ಯುರೋ ಬರುತ್ತದೆ. ಬ್ರಿಟನ್ನಿನ ಚೀವ್ನಿಂಗ್‌ಗೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷಕ್ಕೆ ದೇಶಕ್ಕೆ ಮರಳಬೇಕು. ಸ್ವಂತ ಖರ್ಚಿನಲ್ಲಿ ಓದಲಾಗದವರಿಗೆಂದೇ ಕಾಮನ್‌ವೆಲ್ತ್ ಶೇರ್ಡ್ ವಿದ್ಯಾರ್ಥಿವೇತನ ಇದೆ. ನಿಮ್ಮ ಸಮುದಾಯ ಯಾವುದೆಂದು ಬರೆದಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನು ವಿಚಾರಿಸಿ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಆದರೆ 2022ರಲ್ಲಿ ಅದರ ನಿಯಮ ಬದಲಾಗಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ಸಂಶೋಧನೆಗೆ ಹಣ ಕೊಡುವುದನ್ನು ಕೈಬಿಟ್ಟರು. ಮೇಲೆ ಹೇಳಿದ ಪಂಚಾಯಿತಿಯಂಥ ವಿಷಯವನ್ನು ಅಲ್ಲಿ ಬರೆದರೆ ಅರ್ಜಿ ಬಿದ್ದುಹೋಗಬಹುದು. ಆ ವರ್ಷದ ಮಾರ್ಗಸೂಚಿಯನ್ನು ಓದಿಯೇ ವಿಷಯ ಬರೆಯಿರಿ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಸಾಮಾನ್ಯವಾಗಿ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯುರೋ ಇದೆ. ಜೀವನ ವೆಚ್ಚಕ್ಕೆ ವರ್ಷಕ್ಕೆ 11,904 ಯುರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು, ಅದು ತಿಂಗಳು ತಿಂಗಳು ನಿಮಗೇ ಮರಳುತ್ತದೆ. ವೀಸಾಕ್ಕೆ, ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ನಿಮ್ಮ ಈಗಿನ ಬಿ.ಎ. ಮೇಲೆ ಅಲ್ಲಿ ಅರ್ಜಿ ಹಾಕಿದರೆ ಒಂದು ಕೊರತೆ ಎದುರಾಗುತ್ತದೆ. ಮೂರು ವಿಷಯಗಳ ಪದವಿಯಲ್ಲಿ ರಾಜ್ಯಶಾಸ್ತ್ರದ ಪಾಲು ಮೂರನೇ ಒಂದರಷ್ಟೇ, ವಿಧಾನದ ಪತ್ರಿಕೆಗಳಂತೂ ಇರುವುದೇ ಇಲ್ಲ. ಅವರು ಕೇಳುವ ಕ್ರೆಡಿಟ್ಟಿಗೆ ಅದು ಸಾಲದೆ ಹೋಗಬಹುದು. ಇಲ್ಲಿನ ಎಂ.ಎ. ಆ ಕೊರತೆಯನ್ನು ತುಂಬುತ್ತದೆ. ಎಲ್ಲಿಗೆ ಹೋದರೂ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ 6.5ರಿಂದ 7 ಬೇಕಾಗುತ್ತದೆ. ಶಿಫಾರಸು ಪತ್ರಕ್ಕೆ ಪ್ರಾಧ್ಯಾಪಕರ ಸಂಸ್ಥೆಯ ಇಮೇಲ್ ವಿಳಾಸ ಕೇಳುತ್ತಾರೆ. ಸರ್ಕಾರಿ ಕಾಲೇಜಿನ ಮೇಷ್ಟ್ರುಗಳು ಜಿಮೇಲ್ ಬಳಸುವುದೇ ಹೆಚ್ಚು, ಹಾಗಾದಾಗ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪ್ರಾಂಶುಪಾಲರ ಸಹಿ ಹಾಕಿಸಿ ಕಳಿಸಬಹುದೇ ಎಂದು ಅರ್ಜಿಗೆ ಮೊದಲೇ ಬರೆದು ಕೇಳಿ.

ಈಗ ಕೈಯಲ್ಲಿರುವ ಆಫರ್ ಲೆಟರನ್ನು ಹರಿದುಹಾಕಬೇಡಿ. ಕನ್ಸಲ್ಟೆನ್ಸಿಯ ಮೂಲಕ ಬೇಡ, ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ನೀವೇ ಇಮೇಲ್ ಬರೆಯಿರಿ. ಪ್ರವೇಶವನ್ನು ಒಂದು ವರ್ಷ ಮುಂದೂಡಲು ಸಾಧ್ಯವೇ, ಡೆಪಾಸಿಟ್ ಯಾವ ಯಾವ ಸಂದರ್ಭದಲ್ಲಿ ವಾಪಸ್ ಬರುತ್ತದೆ, ಭಾರತದ ವಿದ್ಯಾರ್ಥಿಗಳಿಗೆ ಪೂರ್ತಿ ಶುಲ್ಕದ ವಿದ್ಯಾರ್ಥಿವೇತನ ಇದೆಯೇ, ಇಷ್ಟನ್ನು ಕೇಳಿ. ವೀಸಾ ನಿರಾಕರಣೆಯಾದರೆ ಡೆಪಾಸಿಟ್ ಹಿಂದಿರುಗಿಸುವುದು ರೂಢಿ, ಮನಸ್ಸು ಬದಲಾಯಿಸಿದರೆ ಕೊಡುವುದು ಕಷ್ಟ. ಉತ್ತರ ಲಿಖಿತವಾಗಿ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ, ಮನೆ ಪತ್ರದ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಆ ಮೇಲ್ ಕಳಿಸಿದ ದಿನವೇ ಸಿಯುಇಟಿ-ಪಿಜಿಯ ಹಳೆಯ ರಾಜ್ಯಶಾಸ್ತ್ರ ಪ್ರಶ್ನೆಪತ್ರಿಕೆಯೊಂದನ್ನು ಇಳಿಸಿಕೊಂಡು, ಗಡಿಯಾರ ಎದುರಿಗಿಟ್ಟುಕೊಂಡು 90 ನಿಮಿಷದಲ್ಲಿ ಬಿಡಿಸಿ. ಎಲ್ಲಿ ಇಂಗ್ಲಿಷ್ ಅಡ್ಡ ಬಂತು, ಎಲ್ಲಿ ವಿಷಯ ಗೊತ್ತಿರಲಿಲ್ಲ ಎಂದು ಎರಡು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಮುಂದಿನ ತಿಂಗಳುಗಳಲ್ಲಿ ಏನು ಓದಬೇಕೆಂಬುದು ಆ ಗುರುತುಗಳಿಂದಲೇ ತಿಳಿಯುತ್ತದೆ.